ಬರ್ಕ್ಲಿಯ ಕಿಂಡಿ

ಇಂಗ್ಲಿಷಿನ ‘ಸಾಕೆಟ್’ ಎಂಬ ಮಾತು ಹುಟ್ಟಿದ್ದು ಹೊಲದಲ್ಲಿ. ಹಳೆಯ ಫ್ರೆಂಚಿನಲ್ಲಿ ‘ಸಾಕ್’ ಎಂದರೆ ನೇಗಿಲ ಗುಳ. ಗುಳದ ಆಕಾರದ ಈಟಿಮೊನೆಗೆ ಮೊದಲು ಸಾಕೆಟ್ ಎಂಬ ಹೆಸರು ಬಂದಿತು. ಬರಬರುತ್ತ ಅದು ಒಂದು ವಸ್ತು ಮತ್ತೊಂದರೊಳಗೆ ಕೂರುವ ಕುಳಿಗೆ ನಿಂತಿತು. ಕನ್ನಡದಲ್ಲಿಯೂ ಗುಳ, ಗುಳಿ ಎರಡೂ ಅಕ್ಕಪಕ್ಕದಲ್ಲಿರುವುದು ಕಾಕತಾಳೀಯವೇ ಸರಿ. ಆದರೂ ಭಾಷೆಯ ಮೇಷ್ಟರಾದವರಿಗೆ ಇಂಥದ್ದನ್ನು ಕಂಡರೆ ಒಂದು ಗಳಿಗೆ ನಿಂತು ನೋಡುವ ಚಪಲ. ಕಣ್ಣುಗುಳಿಗೂ ಇದೇ ಮಾತು, ಗೋಡೆಯಲ್ಲಿ ಪ್ಲಗ್ಗು ಸಿಕ್ಕಿಸುವ ತೂತಿಗೂ ಇದೇ ಮಾತು. ಅಲ್ಲಿಂದ ಅದು ಕಂಪ್ಯೂಟರುಗಳ ಲೋಕಕ್ಕೆ ನೆಗೆದು ಅರ್ಧ ಶತಮಾನ ಮೀರಿತು.

ಈ ಕೊನೆಯ ಸಾಕೆಟ್ಟಿಗೆ ಕನ್ನಡದಲ್ಲಿ ‘ಕಿಂಡಿ’ ಎಂದರೆ ಒಪ್ಪುತ್ತದೆಂದು ನನಗೆ ತೋರುತ್ತದೆ. ಅಂಚೆ ಕಚೇರಿಯ ಕಿಂಡಿಯನ್ನು ನೆನೆಯಿರಿ. ನೀವು ಕಾಗದವನ್ನು ಒಳಕ್ಕೆ ಕೊಡುತ್ತೀರಿ, ನಿಮಗೆ ಬಂದದ್ದನ್ನು ಈಚೆಗೆ ತೆಗೆದುಕೊಳ್ಳುತ್ತೀರಿ. ಒಳಗೆ ಮುದ್ರೆ ಒತ್ತುವವನು ಯಾರು, ಚೀಲ ಯಾವ ರೈಲಿಗೆ ಏರಿತು ಎಂಬ ಚಿಂತೆ ನಿಮಗಿಲ್ಲ. ಒಂದು ಯಂತ್ರದಲ್ಲಿ ನಡೆಯುತ್ತಿರುವ ಪ್ರೋಗ್ರಾಮು ದೂರದ ಮತ್ತೊಂದು ಯಂತ್ರದೊಡನೆ ಮಾತನಾಡಬೇಕಾದಾಗ ಹೀಗೆಯೇ ಒಂದು ಕಿಂಡಿಯನ್ನು ತೆರೆಯಿಸಿಕೊಳ್ಳುತ್ತದೆ. ಸೊಪ್ಪಿನ ಗಾಡಿಯವನಿಗೆ ನಾವು ಫೋನಿನಲ್ಲಿ ಹದಿನೈದು ರೂಪಾಯಿ ಕಳುಹಿಸಿದಾಗ, ರೈಲಿನ ಟಿಕೆಟ್ಟು ಕಾದಿರಿಸಿದಾಗ, ಇಂಥ ಕಿಂಡಿಗಳು ಹತ್ತಾರು ತೆರೆದು ಮುಚ್ಚುತ್ತವೆ. ಇದನ್ನು ಕಟ್ಟಿದವರು ಯಾರು, ಯಾರ ಹಣದಿಂದ ಕಟ್ಟಿದರು, ಕಟ್ಟಿದ ಮೇಲೆ ರಿಪೇರಿ ಮಾಡುವುದು ಏಕೆ ಅಷ್ಟು ಕಷ್ಟವಾಯಿತು ಎಂಬುದು ಸ್ವಾರಸ್ಯವಾದ ಕಥೆ.

1969ರ ಅಕ್ಟೋಬರ್ 29ರಂದು ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ಮೊದಲ ಸಂದೇಶ ಹೋಯಿತು. ಅಮೆರಿಕಾದ ರಕ್ಷಣಾ ಇಲಾಖೆಯ ಹಣದಿಂದ ನಡೆದ ಆ ಜಾಲಕ್ಕೆ ಆರ್ಪಾನೆಟ್ ಎಂದು ಹೆಸರು. ಮರುವರ್ಷದ ಹೊತ್ತಿಗೆ ಅದರ ಕಾಗದಪತ್ರಗಳಲ್ಲಿ ಸಾಕೆಟ್ ಎಂಬ ಮಾತು ಕಾಣಿಸಿಕೊಂಡಿತು. 1971ರ ಮೇ ತಿಂಗಳಲ್ಲಿ ಅದಕ್ಕೆ ಪ್ರತ್ಯೇಕವಾಗಿ ಲಕ್ಷಣ ಬರೆದರು. ಆಗ ಅದು ಕಿಂಡಿಯಲ್ಲ, ಕಿಂಡಿಯ ನಂಬರು ಮಾತ್ರ. ಸಮಸಂಖ್ಯೆಯಾದರೆ ಕಾಗದ ತೆಗೆದುಕೊಳ್ಳುವ ಕಿಂಡಿ, ಬೆಸಸಂಖ್ಯೆಯಾದರೆ ಕೊಡುವ ಕಿಂಡಿ. ಮಾತುಕತೆ ಎರಡೂ ಕಡೆಗೆ ನಡೆಯಬೇಕಾದರೆ ಇಂಥ ಜೋಡಿ ಬೇಕು. ವಿಂಟನ್ ಸರ್ಫ್ ಮತ್ತು ರಾಬರ್ಟ್ ಕಾನ್ 1974ರಲ್ಲಿ ಪ್ರಕಟಿಸಿದ ಹೊಸ ಪದ್ಧತಿಯಿಂದ ಬೆಳೆದ ಟಿಸಿಪಿಯಲ್ಲಿ ಒಂದೇ ಸಂಪರ್ಕ ಎರಡು ಕಡೆಗೂ ಸಾಕಾಯಿತು, ಜೋಡಿ ತಪ್ಪಿತು. ಆದರೆ ಟೆಲ್ನೆಟ್ಟಿನ 23, ಅಂಚೆಯ 25 ಎಂಬ ಬೆಸಸಂಖ್ಯೆಗಳು ಆ ಹಳೆಯ ವಾಡಿಕೆಯ ಪಳೆಯುಳಿಕೆಗಳಾಗಿ ಇಂದಿಗೂ ಉಳಿದಿವೆ. ಊರಿನ ಕೋಟೆ ಬಿದ್ದುಹೋದರೂ ‘ಕೋಟೆ ಬೀದಿ’ ಉಳಿಯುವುದಿಲ್ಲವೆ, ಹಾಗೆ.

ನಿಜವಾದ ಕಿಂಡಿ ಕಟ್ಟಿದ್ದು ಬರ್ಕ್ಲಿಯಲ್ಲಿ. ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ 1969ರಿಂದ ಬೆಳೆಸಿದ್ದ ಯುನಿಕ್ಸ್ ಎಂಬ ವ್ಯವಸ್ಥೆಯನ್ನು ಬರ್ಕ್ಲಿಯ ಪ್ರಾಧ್ಯಾಪಕರೂ ವಿದ್ಯಾರ್ಥಿಗಳೂ ತಂದು ತಿದ್ದಿ ಹಿಗ್ಗಿಸುತ್ತಿದ್ದರು. 1980ರಲ್ಲಿ ರಕ್ಷಣಾ ಇಲಾಖೆಯ ಡಾರ್ಪಾ ಸಂಸ್ಥೆ ಅವರಿಗೆ ಹಣ ಕೊಟ್ಟು, ತನ್ನ ಸಂಶೋಧಕರೆಲ್ಲ ಬಳಸಬಹುದಾದ ಒಂದು ಯುನಿಕ್ಸನ್ನು ಸಿದ್ಧಪಡಿಸಿಕೊಡಿ ಎಂದಿತು. ಬಾಬ್ ಫ್ಯಾಬ್ರಿ ಮುಖ್ಯಸ್ಥ. ಬಿಲ್ ಜಾಯ್ ಎಂಬ ತರುಣ ಬರೆಯುವ ಕೈ. ಸಲಹೆಗೆಂದು ಕೂಡಿಸಿದ ಸಮಿತಿಯಲ್ಲಿ ಸ್ವತಃ ಡೆನ್ನಿಸ್ ರಿಚಿಯೂ ಇದ್ದ. 1982ರಲ್ಲಿ ಜಾಯ್ ‘ಸನ್’ ಕಂಪನಿಗೆ ಹೊರಟುಹೋದಾಗ ಸ್ಯಾಮ್ ಲೆಫ್ಲರ್ ಕೆಲಸ ಮುಗಿಸಿದ. 1983ರ ಆಗಸ್ಟಿನಲ್ಲಿ 4.2 ಬಿಎಸ್‌ಡಿ ಎಂಬ ಹೆಸರಿನಲ್ಲಿ ಅದು ಹೊರಬಂದಿತು. ಅದೇ ವರ್ಷ ಜನವರಿ 1ರಂದು ಆರ್ಪಾನೆಟ್ ತನ್ನ ಹಳೆಯ ಪದ್ಧತಿಯನ್ನು ಬಿಟ್ಟು ಟಿಸಿಪಿಗೆ ಬದಲಾಯಿಸಿಕೊಂಡಿತ್ತು. ಕಾಲ ಕೂಡಿಬಂದಿತ್ತೆನ್ನಬೇಕು. ಒಂದೂವರೆ ವರ್ಷದೊಳಗೆ ಸಾವಿರಕ್ಕೂ ಹೆಚ್ಚು ಸಂಸ್ಥೆಗಳು ಅದನ್ನು ತರಿಸಿಕೊಂಡವು.

ಯುನಿಕ್ಸಿನ ಧರ್ಮ ಒಂದೇ: ಎಲ್ಲವೂ ಕಡತ. ತೆರೆ, ಓದು, ಬರೆ, ಮುಚ್ಚು. ನಾಲ್ಕು ಮಾತುಗಳಲ್ಲಿ ಲೋಕವ್ಯವಹಾರ ಮುಗಿಯಬೇಕು. ಬರ್ಕ್ಲಿಯವರು ಕಿಂಡಿಯನ್ನೂ ಅರ್ಧಮಟ್ಟಿಗೆ ಕಡತವನ್ನಾಗಿಯೇ ಮಾಡಿದರು. ತೆರೆದ ಮೇಲೆ ಓದಬಹುದು, ಬರೆಯಬಹುದು. ಆದರೆ ತೆರೆಯುವುದು ಮಾತ್ರ ಒಂದು ಸಂಸ್ಕಾರವೇ ಸರಿ. ಕಿಂಡಿ ಮಾಡು, ಅದಕ್ಕೆ ವಿಳಾಸ ಕಟ್ಟು, ಕಿವಿಗೊಟ್ಟು ಕೂಡು, ಬಂದವರನ್ನು ಬರಮಾಡಿಕೊ. ಇವಕ್ಕೆ ಸಾಕೆಟ್, ಬೈಂಡ್, ಲಿಸನ್, ಆಕ್ಸೆಪ್ಟ್ ಎಂದು ನಾಲ್ಕು ಹೊಸ ಆಜ್ಞೆಗಳು. ಇಷ್ಟೆಲ್ಲ ಏಕೆಂದರೆ, ಆ ಕಾಲದಲ್ಲಿ ಯಾವ ಸಂಪರ್ಕ ಪದ್ಧತಿ ಗೆದ್ದು ನಿಲ್ಲುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಟಿಸಿಪಿ ಇತ್ತು, ಜೆರಾಕ್ಸ್ ಕಂಪನಿಯದು ಬೇರೆ ಇತ್ತು. ಆದ್ದರಿಂದ ಎಲ್ಲಕ್ಕೂ ಹೊಂದುವ ಕಿಂಡಿಯೇ ಬೇಕೆಂದು, ವಿಳಾಸಕ್ಕೆ ಹದಿನಾಲ್ಕು ಬೈಟುಗಳ ಒಂದು ಸಾಮಾನ್ಯ ಚೀಲ ಹೊಲಿದರು. ಆಗಿನ ಅಂತರಜಾಲದ ವಿಳಾಸ ನಾಲ್ಕೇ ಬೈಟು. ಹದಿನಾಲ್ಕು ಯಥೇಷ್ಟವೆಂದು ತೋರಿದ್ದರಲ್ಲಿ ಆಶ್ಚರ್ಯವೇನಿಲ್ಲ. ಈ ಚೀಲದ ವಿಷಯ ಮುಂದೆ ಬರುತ್ತದೆ.

ಟಿಸಿಪಿಯ ಮೊದಲ ಪ್ರತಿಯನ್ನು ಬರ್ಕ್ಲಿಗೆ ಕೊಟ್ಟವರು ಬಿಬಿಎನ್ ಎಂಬ ಕಂಪನಿಯ ರಾಬ್ ಗರ್ವಿಟ್ಜ್. ಜಾಯ್ ಅದನ್ನು ಸುಮ್ಮನೆ ಸೇರಿಸಿಕೊಳ್ಳದೆ ತಿದ್ದಿ, ಉಜ್ಜಿ, ಚುರುಕುಗೊಳಿಸಿದ. ಮುಂದೆ ಬಿಬಿಎನ್‌ನವರು ತಮ್ಮ ಪೂರ್ಣ ಆವೃತ್ತಿಯನ್ನು ಮುಂದಿಟ್ಟು, ಇದನ್ನೇ ಬಳಸಬೇಕೆಂದರು. ಬರ್ಕ್ಲಿಯವರು ಒಪ್ಪಲಿಲ್ಲ. ಜಗಳ ಡಾರ್ಪಾದವರೆಗೆ ಹೋಗಿ, ಕೊನೆಗೆ ಸೈನ್ಯದ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮ್ಯೂಸ್‌ರನ್ನು ಮಧ್ಯಸ್ಥರನ್ನಾಗಿ ಮಾಡಿದರು. (ಜಾಲದ ಎಂಜಿನಿಯರುಗಳು ದಿನಕ್ಕೆ ಹತ್ತು ಸಲ ಬಳಸುವ ‘ಪಿಂಗ್’ ಇವರದೇ ಕೃತಿ.) ಪರೀಕ್ಷೆಯಲ್ಲಿ ಬರ್ಕ್ಲಿಯದು ಚುರುಕು, ಬಿಬಿಎನ್‌ದು ದಟ್ಟಣೆಯಲ್ಲಿ ಹೆಚ್ಚು ಸಮರ್ಥ ಎಂದು ಕಂಡಿತು. ಆದರೆ ಒತ್ತಡ ಹೆಚ್ಚಿದಾಗ ಬಿಬಿಎನ್‌ನದು ಕೆಲವು ಸಲ ಕುಸಿದು ಬಿದ್ದಿತು, ಬರ್ಕ್ಲಿಯದು ಬೀಳಲಿಲ್ಲ. ತೀರ್ಪು ಬರ್ಕ್ಲಿಯ ಕಡೆಗಾಯಿತು.

ದಟ್ಟಣೆಯ ವಿಷಯದಲ್ಲಿ ಸೋತವರ ಮಾತಿಗೂ ಬೆಲೆಯಿತ್ತೆಂಬುದು ಬೇಗನೆ ತಿಳಿಯಿತು. 1986ರ ಅಕ್ಟೋಬರಿನಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ವಿಶ್ವವಿದ್ಯಾನಿಲಯಕ್ಕೂ ನಡುವಣ ಸಂಪರ್ಕ ಸೆಕೆಂಡಿಗೆ 32,000 ಬಿಟ್ಟುಗಳಿಂದ 40 ಬಿಟ್ಟುಗಳಿಗೆ ಇಳಿಯಿತು. ಎರಡಕ್ಕೂ ನಡುವೆ ಇದ್ದ ದೂರ ನಾನೂರು ಗಜ. ನಡೆದುಕೊಂಡು ಹೋಗಿ ಬಾಯಲ್ಲಿ ಹೇಳಿಬಂದಿದ್ದರೆ ಬೇಗ ಆಗುತ್ತಿತ್ತು! ಕಾಗದ ತಲುಪಲಿಲ್ಲವೆಂದು ತಿಳಿದ ಪ್ರತಿಯೊಂದು ಯಂತ್ರವೂ ಅದನ್ನೇ ಮತ್ತೆ ಮತ್ತೆ ಕಳುಹಿಸಿ, ಇದ್ದ ದಾರಿಯನ್ನೂ ಕಟ್ಟಿಹಾಕಿದ್ದವು. ವ್ಯಾನ್ ಜೇಕಬ್ಸನ್ ಮತ್ತು ಬರ್ಕ್ಲಿಯ ಮೈಕ್ ಕ್ಯಾರೆಲ್ಸ್ ಕುಳಿತು ಯೋಚಿಸಿ, ಮೊದಲು ನಿಧಾನವಾಗಿ ಕಳುಹಿಸು, ಮುಟ್ಟಿತೆಂಬ ಸುದ್ದಿ ಬಂದಂತೆ ವೇಗ ಹೆಚ್ಚಿಸು, ಕಳೆದುಹೋದರೆ ಕೂಡಲೇ ತಗ್ಗಿಸು ಎಂಬ ನಿಯಮಗಳನ್ನು ತಂದರು. 1988ರಲ್ಲಿ ಅದನ್ನು ಪ್ರಬಂಧವಾಗಿ ಪ್ರಕಟಿಸಿದರು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಇಷ್ಟು ದೊಡ್ಡ ರಿಪೇರಿ ನಡೆದದ್ದು ಕಿಂಡಿಯ ಒಳಗಡೆ. ಕಿಂಡಿಯ ಹೊರಗೆ ನಿಂತಿದ್ದ ಒಂದು ಪ್ರೋಗ್ರಾಮಿನ ಒಂದು ಸಾಲನ್ನೂ ತಿದ್ದಬೇಕಾಗಲಿಲ್ಲ. ಬರ್ಕ್ಲಿಯ ಕಟ್ಟಡದ ಹಿರಿಮೆಯೆಲ್ಲ ನನಗೆ ಇದರಲ್ಲಿದೆ.

ಇನ್ನು ಒಡೆತನದ ವಿಷಯ. ಯುನಿಕ್ಸಿನ ಮೂಲಪ್ರತಿ ಎಟಿ ಅಂಡ್ ಟಿ ಕಂಪನಿಯ ಸ್ವತ್ತು. ಬರ್ಕ್ಲಿಯದನ್ನು ಪಡೆಯಬೇಕಾದರೆ ಮೊದಲು ಆ ಕಂಪನಿಯ ಲೈಸೆನ್ಸು ಬೇಕು, ಅದರ ಬೆಲೆ ಏರುತ್ತಲೇ ಇತ್ತು. ಆದರೆ ಜಾಲದ ಭಾಗ ಬರ್ಕ್ಲಿಯವರ ಸ್ವಂತ ದುಡಿಮೆ. ಅದಷ್ಟನ್ನೇ ಬೇರೆ ಮಾಡಿ 1989ರ ಜೂನ್‌ನಲ್ಲಿ ಹೊರತಂದರು. ಟೇಪಿಗೆ ಸಾವಿರ ಡಾಲರು. ಆದರೆ ಪಡೆದವನು ಅದನ್ನು ಯಾರಿಗೆ ಬೇಕಾದರೂ ಪುಕ್ಕಟೆ ಕೊಡಬಹುದು, ತಿದ್ದಬಹುದು, ಮಾರಬಹುದು. ಪುಕ್ಕಟೆ ಸಿಗುವಂತಿದ್ದರೂ ನೂರಾರು ಸಂಸ್ಥೆಗಳು ದುಡ್ಡು ಕೊಟ್ಟೇ ಕೊಂಡವು. 1991ರಲ್ಲಿ ಇನ್ನೂ ದೊಡ್ಡ ಎರಡನೆಯ ಕಂತು ಬಂದಿತು. ಮರುವರ್ಷವೇ ಎಟಿ ಅಂಡ್ ಟಿಯ ಅಂಗಸಂಸ್ಥೆ ನ್ಯಾಯಾಲಯದ ಮೆಟ್ಟಿಲೇರಿತು. ಎರಡು ವರ್ಷ ವ್ಯಾಜ್ಯ ನಡೆದು 1994ರ ಜನವರಿಯಲ್ಲಿ ರಾಜಿಯಾಯಿತು. ಹದಿನೆಂಟು ಸಾವಿರ ಕಡತಗಳಲ್ಲಿ ತೆಗೆದುಹಾಕಬೇಕಾದದ್ದು ಮೂರು! ಬೆಟ್ಟ ಅಗೆದು ಇಲಿ ಹಿಡಿದಂತೆ. ಸರ್ಕಾರದ ಬೊಕ್ಕಸದ ಹಣದಿಂದ, ವಿಶ್ವವಿದ್ಯಾನಿಲಯದ ಮೇಜಿನ ಮೇಲೆ ಆದ ಕೆಲಸ ಸಾರ್ವಜನಿಕರ ಕೈಯಲ್ಲೇ ಉಳಿಯಿತು. ಹಾಗೆ ಉಳಿದುದರಿಂದಲೇ ಅದು ಎಲ್ಲೆಡೆ ಹರಡಿತು. ಎಟಿ ಅಂಡ್ ಟಿಯವರೇ ರಚಿಸಿದ್ದ ಟಿಎಲ್‌ಐ ಎಂಬ ಎದುರಾಳಿ ಮೂಲೆಗೆ ಸರಿಯಿತು; ಮೈಕ್ರೋಸಾಫ್ಟಿನ ವಿಂಡೋಸ್ ಕೂಡ 1990ರ ದಶಕದ ಮೊದಲಲ್ಲಿ ಬರ್ಕ್ಲಿಯ ಕಿಂಡಿಯ ಮಾದರಿಯನ್ನೇ ಇಟ್ಟುಕೊಂಡಿತು.

ಹೀಗೆ ಎಲ್ಲೆಲ್ಲೂ ಒಂದೇ ಕಿಂಡಿಯಾದ ಮೇಲೆ ಅದರ ಊನಗಳೂ ಎಲ್ಲೆಲ್ಲೂ ಒಂದೇ ಆದವು. ಮೊದಲನೆಯದು ಆ ವಿಳಾಸದ ಚೀಲ. ನಾಲ್ಕು ಬೈಟುಗಳ ವಿಳಾಸ ಮುಗಿದುಹೋಗುತ್ತದೆಂಬುದು 1990ರ ದಶಕದಲ್ಲೇ ಸ್ಪಷ್ಟವಾಗಿ, ಹದಿನಾರು ಬೈಟುಗಳ ಹೊಸ ವಿಳಾಸ, ಐಪಿ ಆರನೆಯ ಆವೃತ್ತಿ, ಸಿದ್ಧವಾಯಿತು. ಹದಿನಾರು! ಚೀಲ ಹದಿನಾಲ್ಕರದು. ಜೊತೆಗೆ, ವಿಳಾಸವನ್ನು ಕಿಂಡಿಯೊಳಗಿನವನು ನೋಡಿಕೊಳ್ಳದೆ ಹೊರಗಿನವನೇ ಬಿಡಿಸಿ ಬರೆದು ಕೊಡಬೇಕೆಂಬ ನಿಯಮವಿದ್ದುದರಿಂದ, ಲೋಕದ ಸಹಸ್ರಾರು ಪ್ರೋಗ್ರಾಮುಗಳಲ್ಲಿ ‘ನಾಲ್ಕು ಬೈಟು’ ಎಂಬುದು ಬೇರೂರಿಹೋಗಿತ್ತು. ಅವನ್ನೆಲ್ಲ ಒಂದೊಂದಾಗಿ ತಿದ್ದಬೇಕಾಯಿತು. 2011ರ ಫೆಬ್ರವರಿಯಲ್ಲಿ ಹಳೆಯ ವಿಳಾಸಗಳ ಕೇಂದ್ರ ಉಗ್ರಾಣ ಬರಿದಾಯಿತು. ತಿದ್ದುವ ಕೆಲಸ ಆಗಲೂ ಮುಗಿದಿರಲಿಲ್ಲ. ಬೆಲ್ ಪ್ರಯೋಗಾಲಯದವರು ತಮ್ಮ ಮುಂದಿನ ವ್ಯವಸ್ಥೆಯಾದ ‘ಪ್ಲಾನ್ ನೈನ್’ನಲ್ಲಿ, ಹೆಸರನ್ನು ಹೇಳಿದರೆ ಸಾಕು, ಉಳಿದುದು ನಮಗಿರಲಿ ಎಂಬಂತೆ ಏರ್ಪಾಡು ಮಾಡಿದ್ದರು. ಅದೇ ಸರಿಯಾದ ದಾರಿಯಾಗಿತ್ತೆಂದು ನನ್ನ ಎಣಿಕೆ. ಆದರೆ ಆ ವ್ಯವಸ್ಥೆ ಬಳಕೆಗೆ ಬಂದದ್ದು ಅತ್ಯಲ್ಪ.

ಎರಡನೆಯ ಊನ ಕಾಯುವುದಕ್ಕೆ ಸಂಬಂಧಿಸಿದ್ದು. ಅದು ಇನ್ನೂ ಆಳವಾದದ್ದು. ಕಿಂಡಿಯಲ್ಲಿ ‘ಓದು’ ಎಂದರೆ, ಆಚೆಯಿಂದ ಏನಾದರೂ ಬರುವವರೆಗೆ ಪ್ರೋಗ್ರಾಮು ಅಲ್ಲೇ ನಿಂತುಬಿಡುತ್ತದೆ. ಹೋಟೆಲಿನ ಮಾಣಿಯೊಬ್ಬ ಒಂದು ಮೇಜಿನ ಮುಂದೆ ನಿಂತು, ಗಿರಾಕಿ ಇಡ್ಲಿಯೋ ದೋಸೆಯೋ ಎಂದು ನಿರ್ಧರಿಸುವ ತನಕ ಕದಲದಿದ್ದರೆ ಹೇಗೆ? ಮೇಜಿಗೊಬ್ಬ ಮಾಣಿಯನ್ನು ಇಡಬಹುದು. ಹತ್ತು ಮೇಜಿಗೆ ಅದು ಸರಿ, ಹತ್ತು ಸಾವಿರಕ್ಕೆ ಸಂಬಳ ಕೊಡುವವರಾರು? ಬರ್ಕ್ಲಿಯವರು ಇದಕ್ಕೂ 1983ರಲ್ಲೇ ‘ಸೆಲೆಕ್ಟ್’ ಎಂಬ ಉಪಾಯ ಮಾಡಿದ್ದರು. ಒಬ್ಬನೇ ಮಾಣಿ ಎಲ್ಲ ಮೇಜುಗಳ ಪಟ್ಟಿ ಹಿಡಿದು ‘ಯಾರಿಗೇನು ಬೇಕು?’ ಎಂದು ಒಂದು ಸುತ್ತು ಬರುತ್ತಾನೆ. ಮೂವರು ಮಾತ್ರ ಕೈಯೆತ್ತಿದರೂ ಪಟ್ಟಿಯಲ್ಲಿರುವ ಎಲ್ಲರನ್ನೂ ಕೇಳಲೇಬೇಕು; ಪ್ರತಿ ಸುತ್ತಿಗೂ ಹೊಸದಾಗಿ ಪಟ್ಟಿ ಬರೆಯಬೇಕು. ಅನೇಕ ಯಂತ್ರಗಳಲ್ಲಿ ಆ ಪಟ್ಟಿಯ ಮಿತಿಯೇ 1024. ಡಾನ್ ಕೆಗೆಲ್ ಎಂಬಾತ 1999ರಲ್ಲಿ, ಯಂತ್ರಗಳು ಇಷ್ಟು ಬಲಿಷ್ಠವಾಗಿರುವಾಗ ಒಂದು ಯಂತ್ರ ಏಕಕಾಲಕ್ಕೆ ಹತ್ತು ಸಾವಿರ ಗಿರಾಕಿಗಳನ್ನು ಏಕೆ ಸುಧಾರಿಸಬಾರದು ಎಂದು ಕೇಳಿದ. ಪ್ರಶ್ನೆ ಊರೆಲ್ಲ ಹಬ್ಬಿತು. 2000ದಲ್ಲಿ ಫ್ರೀಬಿಎಸ್‌ಡಿಯಲ್ಲಿ ಜಾನಥನ್ ಲೆಮನ್ ‘ಕೆ-ಕ್ಯೂ’ವನ್ನೂ, 2002ರಲ್ಲಿ ಲಿನಕ್ಸಿನಲ್ಲಿ ಡೇವಿಡೆ ಲಿಬೆಂಜಿ ‘ಇ-ಪೋಲ್’ ಅನ್ನೂ ರಚಿಸಿದರು. ಇವುಗಳಲ್ಲಿ ಮಾಣಿ ಸುತ್ತು ಬರುವುದಿಲ್ಲ. ಕೈಯೆತ್ತಿದ ಮೇಜಿನ ನಂಬರು ಮಾತ್ರ ಗೋಡೆಯ ಹಲಗೆಯ ಮೇಲೆ ಮೂಡುತ್ತದೆ.

ವ್ಯವಸ್ಥೆಯ ಮಟ್ಟದಲ್ಲಿ ಸಮಸ್ಯೆ ತೀರಿತು. ಆದರೆ ಪ್ರೋಗ್ರಾಮು ಬರೆಯುವವನ ಮಟ್ಟದಲ್ಲಿ? ಅಲ್ಲಿಯ ಕಥೆಗೆ ಪೈಥಾನ್ ಎಂಬ ಭಾಷೆಯನ್ನು ನೋಡಬೇಕು. ಆಮ್‌ಸ್ಟರ್‌ಡಾಮಿನ ಗಣಿತ ಸಂಸ್ಥೆಯೊಂದರಲ್ಲಿದ್ದ ಗಿಡೋ ವಾನ್ ರೋಸಮ್ 1989ರ ಡಿಸೆಂಬರಿನಲ್ಲಿ ಆರಂಭಿಸಿ 1991ರಲ್ಲಿ ಲೋಕಕ್ಕೆ ಬಿಟ್ಟ ಭಾಷೆ ಇದು. ಮೂಲಪ್ರತಿ ಎಲ್ಲರಿಗೂ ತೆರೆದದ್ದು. ‘ಬ್ಯಾಟರಿ ಸಮೇತ’ ಎಂಬುದು ಅದರ ಹೆಮ್ಮೆಯ ಮಾತು. ಬೇಕಾದ ಸಲಕರಣೆಗಳೆಲ್ಲ ಪೆಟ್ಟಿಗೆಯಲ್ಲೇ ಇರುತ್ತವೆ ಎಂದರ್ಥ. ಅದರ ಸಾಕೆಟ್ ಸಲಕರಣೆಯೋ ಬರ್ಕ್ಲಿಯ ಕಿಂಡಿಗೆ ಹೊದಿಸಿದ ತೆಳುವಾದ ಬಟ್ಟೆ. ‘ಇಷ್ಟು ಹೊತ್ತು ಕಾದು ಬರದಿದ್ದರೆ ಬಿಟ್ಟುಬಿಡು’ ಎಂದು ಗಡುವು ಹಾಕುವ ಅನುಕೂಲ ಕೂಡ ಬಂದದ್ದು 2003ರ 2.3ನೆಯ ಆವೃತ್ತಿಯಲ್ಲಿ.

ಚಿಕ್ಕದೊಂದು ಉದಾಹರಣೆ ಕೊಡುತ್ತೇನೆ. ಯುನಿಕ್ಸಿನಲ್ಲಿ ನೀವು ಕಿಂಡಿಯ ಮುಂದೆ ಕಾಯುತ್ತಿರುವಾಗ ಬೇರಾವುದೋ ಸಂಕೇತ ಬಂದರೆ, ‘ಮಧ್ಯೆ ತಡೆಯಾಯಿತು, ಮತ್ತೆ ಕೇಳಿ’ ಎಂದು ಹಿಂದಕ್ಕೆ ಕಳುಹಿಸಿಬಿಡುತ್ತಾರೆ. ಕೆಲವು ಕಚೇರಿಗಳಲ್ಲಿ ಊಟದ ಗಂಟೆಯಾದೊಡನೆ ಕಿಂಡಿ ಮುಚ್ಚಿ, ತೆರೆದಾಗ ಮೊದಲಿನಿಂದ ಸಾಲಿನಲ್ಲಿ ನಿಲ್ಲಿಸುತ್ತಾರಲ್ಲ, ಹಾಗೆ. ಮತ್ತೆ ಕೇಳುವ ಹೊಣೆ ಪ್ರೋಗ್ರಾಮು ಬರೆದವನದು. ಬರೆಯುವವರು ಮರೆಯುತ್ತಿದ್ದರು, ಮರೆತದ್ದು ಎಂದೋ ಒಂದು ರಾತ್ರಿ ಕೈಕೊಡುತ್ತಿತ್ತು. ಶಾರ್ಲ್-ಫ್ರಾಂಸ್ವಾ ನಟಾಲಿ ಮತ್ತು ವಿಕ್ಟರ್ ಸ್ಟಿನ್ನರ್ ಅವರ ಸಲಹೆಯಂತೆ 2015ರ ಪೈಥಾನ್ 3.5 ಆ ಹೊಣೆಯನ್ನು ತಾನೇ ಹೊತ್ತಿತು. ಇದಕ್ಕಾಗಿ ಯಾರೂ ಹಾರತುರಾಯಿ ಹಾಕಲಿಲ್ಲ. ಆದರೆ ಸಾವಿರಾರು ಜನ ಸಾವಿರಾರು ಕಡೆ ಬರೆಯಬೇಕಾದ ನಾಲ್ಕು ಸಾಲನ್ನು ಒಬ್ಬರು ಒಂದು ಕಡೆ ಬರೆದು ಮುಗಿಸಿದರು.

ಕಾಯುವಿಕೆಯ ವಿಷಯ ಇಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ಸ್ಯಾಮ್ ರಶಿಂಗ್ 1996ರ ಸುಮಾರಿಗೆ ಬರೆದಿದ್ದ ‘ಅಸಿಂಕೋರ್’ ಎಂಬ ಸಲಕರಣೆಯನ್ನು 1999ರಲ್ಲಿ ಪೈಥಾನಿನ ಪೆಟ್ಟಿಗೆಗೆ ಸೇರಿಸಿದರು. ಒಬ್ಬನೇ ಮಾಣಿ, ಸೆಲೆಕ್ಟಿನ ಸುತ್ತು. ಅಚ್ಚುಕಟ್ಟಾದ ಚಿಕ್ಕ ಸಲಕರಣೆ. ಆ ಕಾಲಕ್ಕೆ ಒಳ್ಳೆಯದೇ. ಆದರೆ ಅದರಲ್ಲಿ ಒಳಗು-ಹೊರಗು ಎಂಬ ಗೆರೆ ಇರಲಿಲ್ಲ. ಬಳಸುವವನು ಅದರ ಅಂಗಾಂಗಗಳನ್ನೇ ತನ್ನ ಪ್ರೋಗ್ರಾಮಿನ ಅಂಗಗಳನ್ನಾಗಿ ಮಾಡಿಕೊಳ್ಳಬೇಕಿತ್ತು. ಹೀಗಾಗಿ ಒಳಗಿನ ಯಾವ ಮೊಳೆಯನ್ನು ಕಿತ್ತರೂ ಹೊರಗೆ ಯಾರದೋ ಮನೆಯ ಗೋಡೆ ಬೀಳುತ್ತಿತ್ತು. ಬರ್ಕ್ಲಿಯಲ್ಲಿ 1986ರ ದಟ್ಟಣೆಯನ್ನು ಕಿಂಡಿಯ ಒಳಗೇ ಸರಿಪಡಿಸಲು ಸಾಧ್ಯವಾದದ್ದೇಕೆ, ಇಲ್ಲಿ ಆಗದೆ ಹೋದದ್ದೇಕೆ ಎಂಬುದಕ್ಕೆ ಇದೇ ಉತ್ತರ. ಊನ ಎಲ್ಲರಿಗೂ ಗೊತ್ತು, ಮೂಲಪ್ರತಿ ಎಲ್ಲರ ಕೈಯಲ್ಲೂ ಇದೆ, ತಿದ್ದಲು ಅಡ್ಡಿಯಿಲ್ಲ, ಆದರೂ ತಿದ್ದುವಂತಿಲ್ಲ! ತೆರೆದ ಗ್ರಂಥವೆಂದ ಮಾತ್ರಕ್ಕೆ ಪರಿಷ್ಕರಣ ಸಲೀಸಲ್ಲ. ಅದೇ ಅವಧಿಯಲ್ಲಿ ‘ಟ್ವಿಸ್ಟೆಡ್’, 2009ರಲ್ಲಿ ‘ಟೊರ್ನಾಡೋ’ ಮುಂತಾದ ಬೇರೆ ಬೇರೆ ಮನೆಗಳು ಎದ್ದವು. ಒಂದರ ಮಾಣಿ ಇನ್ನೊಂದರ ಅಡಿಗೆಮನೆಗೆ ಕಾಲಿಡುವಂತಿರಲಿಲ್ಲ.

2012ರ ಡಿಸೆಂಬರಿನಲ್ಲಿ ವಾನ್ ರೋಸಮ್ ಸ್ವತಃ ಲೇಖನಿ ಹಿಡಿದ. ಅಸಿಂಕೋರನ್ನು ತೇಪೆ ಹಾಕಿ ಉಳಿಸುವ ಆಸೆ ಬಿಟ್ಟು, ಪಕ್ಕದಲ್ಲೇ ಹೊಸದೊಂದನ್ನು ಕಟ್ಟುವ ಯೋಜನೆ ಮಂಡಿಸಿದ. ಗುಟ್ಟಿನ ಹೆಸರು ‘ಟ್ಯುಲಿಪ್’. ಡಚ್ಚರವನಲ್ಲವೆ! ಬೇರೆ ಬೇರೆ ಮನೆಗಳವರು ಒಂದೇ ಮಾಣಿಯನ್ನು ಹಂಚಿಕೊಳ್ಳುವಂತೆ ಒಂದು ಸಾಮಾನ್ಯ ಕರಾರು ಬರೆಯುವುದೇ ಅದರ ಮುಖ್ಯ ಉದ್ದೇಶ. ಕಿಂಡಿಯ ಸಾಗಣೆಯನ್ನೂ ಬಂದ ಕಾಗದದ ಅರ್ಥ ಮಾಡುವುದನ್ನೂ ಬೇರ್ಪಡಿಸುವ ಪದ್ಧತಿಯನ್ನು ಟ್ವಿಸ್ಟೆಡ್‌ನಿಂದ ಎರವಲು ತಂದ, ತಂದೆನೆಂದು ಒಪ್ಪಿಕೊಂಡ. 2014ರ ಮಾರ್ಚಿನಲ್ಲಿ ಅದು ‘ಅಸಿಂಕ್-ಐಓ’ ಎಂಬ ಹೆಸರಿನಲ್ಲಿ ಬಂದಿತು, ‘ಸದ್ಯಕ್ಕೆ, ಬದಲಾದೀತು’ ಎಂಬ ಎಚ್ಚರಿಕೆಯೊಡನೆ. ಆ ಎಚ್ಚರಿಕೆ ತೆಗೆದದ್ದು 2016ರ ಕೊನೆಯಲ್ಲಿ. ಈ ಎರಡೂವರೆ ವರ್ಷದ ಸಾವಧಾನ ನನಗೆ ಬಹಳ ಮೆಚ್ಚಿಕೆಯಾಗಿದೆ. ನಡುವೆ 2015ರಲ್ಲಿ ಯೂರಿ ಸೆಲಿವನೋವ್ ಅವರ ಸಲಹೆಯಿಂದ ಭಾಷೆಗೇ ‘ಅಸಿಂಕ್’, ‘ಅವೇಟ್’ ಎಂಬ ಎರಡು ಪದಗಳು ಸೇರಿದವು. ‘ಇಲ್ಲಿ ಕಾಯಬೇಕಾದೀತು’ ಎಂದು ಬರೆಯುವವನು ಆ ಜಾಗದಲ್ಲಿ ಗುರುತು ಹಾಕುತ್ತಾನೆ. ಆ ಬಿಡುವಿನಲ್ಲಿ ಮಾಣಿ ಬೇರೆ ಮೇಜಿಗೆ ಹೋಗಿಬರುತ್ತಾನೆ.

ಇದಕ್ಕೂ ಆಕ್ಷೇಪವುಂಟು. ಹೀಗೆ ಗುರುತು ಹಾಕಿದ ಪ್ರೋಗ್ರಾಮನ್ನು ಗುರುತಿಲ್ಲದ ಪ್ರೋಗ್ರಾಮು ನೇರವಾಗಿ ಕರೆಯುವಂತಿಲ್ಲ. ಒಂದು ಪಂಕ್ತಿಯವರು, ಇನ್ನೊಂದು ಪಂಕ್ತಿಯವರು ಎಂಬ ಮಡಿ ಹುಟ್ಟಿಕೊಂಡಿತು. ಗೂಗಲ್ಲಿನಲ್ಲಿ ಕೆನ್ ಥಾಂಪ್ಸನ್, ರಾಬ್ ಪೈಕ್, ರಾಬರ್ಟ್ ಗ್ರೀಸ್ಮರ್ ರಚಿಸಿ 2009ರಲ್ಲಿ ತೆರೆದಿಟ್ಟ ‘ಗೋ’ ಭಾಷೆಯಲ್ಲಿ ಈ ಮಡಿಯಿಲ್ಲ. ಬರೆಯುವವನು ಮೇಜಿಗೊಬ್ಬ ಮಾಣಿಯಿರುವಂತೆಯೇ ಸರಾಗವಾಗಿ ಬರೆಯುತ್ತಾನೆ. ಮಾಣಿಗಳನ್ನು ಹೊಂದಿಸುವ ಕೆಲಸವನ್ನು ಭಾಷೆಯ ವ್ಯವಸ್ಥೆ ತೆರೆಮರೆಯಲ್ಲಿ ಮಾಡುತ್ತದೆ. ವಿಳಾಸವನ್ನೂ ಹೆಸರಿನಲ್ಲೇ ಹೇಳಿದರಾಯಿತು. ಇದನ್ನು ಕಟ್ಟಿದವರಲ್ಲಿ ಥಾಂಪ್ಸನ್, ಪೈಕ್ ಇಬ್ಬರೂ ಪ್ಲಾನ್ ನೈನ್‌ನ ಮನೆಯವರೇ. ಜಾವಾ ಕೂಡ 2023ರಲ್ಲಿ ಇದೇ ದಾರಿಗೆ ಬಂದಿತು. ನನ್ನ ಒಲವು ಗೋ ಕಡೆಗೆ. ಆದರೆ ಅದು ಬರಿಯ ನಿವೇಶನದ ಮೇಲೆ ಕಟ್ಟಿದ ಮನೆ. ಪೈಥಾನಿನವರು ಬಾಡಿಗೆದಾರರಿರುವ ಮನೆಯನ್ನು ರಿಪೇರಿ ಮಾಡಿದರೆಂಬುದನ್ನು ಮರೆತು ತೂಗಬಾರದು.

ಹಳೆಯ ಅಸಿಂಕೋರನ್ನು ಅವರು ಥಟ್ಟನೆ ಹೊರಗೆ ಹಾಕಲೂ ಇಲ್ಲ. ಮೊದಲು ಕೈಪಿಡಿಯಲ್ಲಿ ‘ಹೊಸಬರು ಬಳಸಬೇಡಿ’ ಎಂದು ಬರೆದರು. 2021ರಲ್ಲಿ ಬಂದ 3.10ರಿಂದ, ಬಳಸಿದವರಿಗೆ ಪ್ರೋಗ್ರಾಮೇ ಎಚ್ಚರಿಕೆ ಕೊಡತೊಡಗಿತು. 2023ರ ಅಕ್ಟೋಬರಿನಲ್ಲಿ ಬಂದ 3.12ರಲ್ಲಿ ಅದು ಪೆಟ್ಟಿಗೆಯಲ್ಲಿರಲಿಲ್ಲ. ಸೇರಿಸಿ ಇಪ್ಪತ್ತನಾಲ್ಕು ವರ್ಷವಾಗಿತ್ತು. ಇನ್ನೂ ಅದನ್ನೇ ನೆಚ್ಚಿದ್ದವರಿಗಾಗಿ ಯಾರೋ ಅದರ ಪ್ರತಿಯೊಂದನ್ನು ಬೇರೆಯಾಗಿ ಇಟ್ಟಿದ್ದಾರೆ. ಮೂಲಪ್ರತಿ ತೆರೆದದ್ದಾದ್ದರಿಂದ ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಇಷ್ಟೆಲ್ಲದರ ಕೆಳಗೆ ಪೈಥಾನಿನ ಸಾಕೆಟ್ ಸಲಕರಣೆ ಮಾತ್ರ ಇದ್ದಲ್ಲೇ ಇದೆ. ಅದನ್ನು ತೆರೆದರೆ ಕಾಣುವ ಹೆಸರುಗಳು 1983ರಲ್ಲಿ ಬರ್ಕ್ಲಿಯವರು ಇಟ್ಟವೇ: ಬೈಂಡ್, ಲಿಸನ್, ಆಕ್ಸೆಪ್ಟ್.